ಎಂಬತ್ತೊಂಬತ್ತು ಅಂಕ ಎಲ್ಲಿ ಹೋದವು?

ನೀಟ್ ಫಲಿತಾಂಶ ಬಂದ ಮೇಲೆ ಮಂಡ್ಯದಲ್ಲಿ ಆಪ್ತಸಲಹೆಗೆ ಬರುವ ಮನೆಗಳದ್ದು ಬಹುತೇಕ ಒಂದೇ ಪ್ರಶ್ನೆ: ಇನ್ನೊಂದು ವರ್ಷ ಲಾಂಗ್ ಟರ್ಮ್‌ಗೆ, ಅಂದರೆ ಮತ್ತೆ ನೀಟ್ ಬರೆಸಲು ವರ್ಷಪೂರ್ತಿ ಕೋಚಿಂಗ್‌ಗೆ, ಹಾಕೋಣವೇ? 2025ರಲ್ಲಿ ಬಂದ ಈ ಪ್ರಕರಣದಲ್ಲಿ ಕೊಟ್ಟ ಸಲಹೆ ಸರಿಯೆಂದೇ ಇಂದಿಗೂ ಅನ್ನಿಸುತ್ತದೆ. ಆದರೆ ಆ ತಂದೆಗೆ ಕೊಡಲಾಗದ ಉತ್ತರವೊಂದು ಉಳಿದುಕೊಂಡಿದೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.

ಪಾಂಡವಪುರದ ಕಡೆಯ ಹುಡುಗಿ. ತಂದೆಗೆ ಎರಡೂವರೆ ಎಕರೆ, ಕಬ್ಬು. 2024ರಲ್ಲಿ ನೀಟ್‌ನಲ್ಲಿ 541 ಬಂತು, ಸೀಟು ಬರಲಿಲ್ಲ. ಕಬ್ಬಿನ ಬಿಲ್ಲಿನ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ಹಾಸ್ಟೆಲ್ಲಿರುವ ಕೋಚಿಂಗ್‌ಗೆ ಹಾಕಿದರು. 2025ರಲ್ಲಿ 452. ಅಲ್ಲಿಂದ ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ, ಅಪ್ಪ ಇದ್ದರೆ ಹಜಾರಕ್ಕೆ ಬರುವುದಿಲ್ಲ. ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಶುರುವಾಗುತ್ತಿದ್ದಂತೆ ತಾಯಿಯೇ ಒತ್ತಾಯ ಮಾಡಿ ಇಬ್ಬರನ್ನೂ ಕಳಿಸಿದ್ದರು.

ಕೂರುವ ಮೊದಲೇ ತಂದೆ ಶುರುಮಾಡಿದರು. "ಮನೇಲಿದ್ದಾಗ ಐನೂರ ನಲ್ವತ್ತೊಂದು. ಅಷ್ಟು ದುಡ್ಡು ಸುರ್ದು ಕೋಚಿಂಗ್‌ಗೆ ಹಾಕಿದ್ಮೇಲೆ ನಾನೂರ ಐವತ್ತೆರಡು. ಎಂಬತ್ತೊಂಬತ್ತು ಎಲ್ಲೋಯ್ತು ಅಂತ ನೀವೇ ಕೇಳಿ ಮೇಡಂ. ಮೊಬೈಲ್ ನೋಡ್ತಾ ಕೂತಿದ್ಲು ಅಷ್ಟೇಯ."

ಹುಡುಗಿ ತಲೆ ಎತ್ತಲಿಲ್ಲ. ಎರಡೂ ವರ್ಷದ ಸ್ಕೋರ್ ಕಾರ್ಡ್ ತೆಗೆಸಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅಂಕದ ಸಾಲನ್ನು ಕೈಯಿಂದ ಮುಚ್ಚಿ, ಅಖಿಲ ಭಾರತ ರ‍್ಯಾಂಕ್ ಮಾತ್ರ ಓದು ಅಂದೆ. ಓದಿದಳು. ಇನ್ನೊಂದು ಸಲ ಓದಿದಳು. ಈ ವರ್ಷದ ರ‍್ಯಾಂಕ್ ಹಿಂದಿನದಕ್ಕಿಂತ ಸಾವಿರಾರು ಸ್ಥಾನ ಮುಂದಿತ್ತು.

ಆಗಿದ್ದು ಇಷ್ಟು. 2024ರಲ್ಲಿ ಅಂಕಗಳು ಉಬ್ಬಿದ್ದವು. ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720 ಬಂದಿತ್ತು. 2025ರ ಪ್ರಶ್ನೆಪತ್ರಿಕೆ, ಅದರಲ್ಲೂ ಭೌತಶಾಸ್ತ್ರ, ಎಷ್ಟು ಕಷ್ಟವಿತ್ತೆಂದರೆ ದೇಶಕ್ಕೇ ಮೊದಲು ಬಂದವರದ್ದು 686. ಎರಡು ವರ್ಷದ ಅಂಕವನ್ನು ಒಂದರಿಂದೊಂದು ಕಳೆಯುವುದು ಸೇರನ್ನು ಮೊಳದಿಂದ ಕಳೆದ ಹಾಗೆ. ಸೀಟು ಕೊಡುವುದು ರ‍್ಯಾಂಕ್ ನೋಡಿ. ಮನೆಯಲ್ಲಿ ಜಗಳ ನಡೆಯುವುದು ಅಂಕದ ಮೇಲೆ.

"ಹಂಗಾದ್ರೆ ನಾನು ಹೋದ್ಸಲಕ್ಕಿಂತ ಚೆನ್ನಾಗೇ ಬರ್ದಿದ್ನಾ?" ಅಂದಳು. ಬಂದಾಗಿನಿಂದ ಅವಳಾಡಿದ ಮೊದಲ ಮಾತು ಅದು.

ಹೌದು ಅನ್ನುವಷ್ಟರಲ್ಲಿ ತಂದೆಯ ಮುಖವೂ ಅರಳಿತ್ತು. "ಹಂಗಾದ್ರೆ ಇನ್ನೊಂದ್ ವರ್ಸ ಓದುದ್ರೆ ಸಿಕ್ಕೇ ಸಿಗ್ತದೆ ಅನ್ನಿ!"

ನಾನು ಹುಡುಗಿಯ ತಲೆಯಿಂದ ಇಳಿಸಿದ ಭಾರವನ್ನು ಅವರು ಮರುಗಳಿಗೆಗೇ ಮತ್ತೆ ಹೊರಿಸಿದ್ದರು, ಅದೂ ನನ್ನ ಲೆಕ್ಕವನ್ನೇ ಹಿಡಿದು. ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ತೀರ್ಮಾನ ಹೇಳಬಾರದು ಎನ್ನುವುದು ನಮ್ಮ ವೃತ್ತಿಯ ಪಾಠ. ಅವತ್ತು ಆ ಪಾಠ ಮೀರಿ ಬೇಡ ಅಂದೆ. ಯಾಕೆ ಅಂದೆ ಎನ್ನುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ಕೆಲಸ ಯಾವ ಮನೆಯಲ್ಲಾದರೂ ಮಾಡಬಹುದು.

ಅವಳ ಓಎಂಆರ್ ಉತ್ತರಪತ್ರಿಕೆಯ ಪ್ರತಿಯನ್ನು ಅಂತಿಮ ಕೀ ಉತ್ತರದ ಜೊತೆ ಇಟ್ಟು ಒಂದೊಂದಾಗಿ ಎಣಿಸಿದೆವು. 180ರಲ್ಲಿ 124 ಸರಿ, 44 ತಪ್ಪು, 12 ಬಿಟ್ಟದ್ದು. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ: 496ರಲ್ಲಿ 44 ಹೋಗಿ 452. ತಪ್ಪಾದ 44ರ ಮುಂದೆ ಅವಳಿಂದಲೇ ಗುರುತು ಹಾಕಿಸಿದೆ: ಒಂದೋ "ಗೊತ್ತಿತ್ತು, ಅವಸರದಲ್ಲಿ ತಪ್ಪಿತು", ಇಲ್ಲವೇ "ಗೊತ್ತಿರಲಿಲ್ಲ, ಊಹಿಸಿದೆ". ಅವಸರದವು ಒಂಬತ್ತೇ. ಉಳಿದ 35ನ್ನು ಊಹಿಸದೆ ಖಾಲಿ ಬಿಟ್ಟಿದ್ದರೆ 487 ಆಗುತ್ತಿತ್ತು. ಆ 35ರಲ್ಲಿ 27 ಭೌತಶಾಸ್ತ್ರದವು. ಒಂದು ವರ್ಷದ ಕೋಚಿಂಗ್ ಆದ ಮೇಲೂ ಒಂದೇ ವಿಷಯದಲ್ಲಿ ಇಷ್ಟು ಊಹೆ ಉಳಿದಿದೆ. ಅದೇ ಬ್ಯಾಚು, ಅದೇ ನೋಟ್ಸು, ಅದೇ ವಾರದ ಟೆಸ್ಟು ಮುಂದಿನ ವರ್ಷ ಅದನ್ನು ಸರಿಮಾಡುತ್ತದೆ ಎನ್ನಲು ನನ್ನ ಮುಂದೆ ಆಧಾರವಿರಲಿಲ್ಲ. ಅವಸರದ ತಪ್ಪುಗಳೇ ಹೆಚ್ಚಿದ್ದರೆ, ಕೊನೆಯ ಹತ್ತು ಪೂರ್ಣ ಟೆಸ್ಟುಗಳಲ್ಲಿ ಏರಿಕೆ ಕಂಡಿದ್ದರೆ, ಇನ್ನೊಂದು ವರ್ಷಕ್ಕೆ ಹೂಂ ಅನ್ನುತ್ತಿದ್ದೆ. ಅವಳ ಟೆಸ್ಟುಗಳು ಜನವರಿಯಿಂದ ನಿಂತಲ್ಲೇ ನಿಂತಿದ್ದವು.

ಆಗ ತಂದೆ ಕೇಳಿದರು. "ನಮ್ ಪಕ್ಕದೂರಿನ ಹುಡುಗ ನೂರ ಎಂಬತ್ತು ತಗಂಡು ಡಾಕ್ಟ್ರು ಓದ್ತಾವ್ನೆ. ನಾನೂರ ಐವತ್ತು ತಗಂಡವ್ಳು ಬ್ಯಾಡ ಅಂತೀರಲ್ಲ, ಇದ್ಯಾವ ನ್ಯಾಯ ಮೇಡಂ?"

ನ್ಯಾಯ ಅಲ್ಲ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 720ಕ್ಕೆ 144. ಅದು ದಾಟಿ ಕೈಯಲ್ಲಿ ದುಡ್ಡಿದ್ದರೆ ಮ್ಯಾನೇಜ್‌ಮೆಂಟ್ ಸೀಟಿನ ಬಾಗಿಲು ತೆರೆಯುತ್ತದೆ. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹರಾದವರು 12 ಲಕ್ಷ ಚಿಲ್ಲರೆ. ಸರ್ಕಾರಿ ಸೀಟಿಗೆ ನೂಕುನುಗ್ಗಲು, ದುಡ್ಡಿನ ಸೀಟಿಗೆ ಸಾವಧಾನ. ಆದರೆ ಆ ಅನ್ಯಾಯದ ಸಾಲವನ್ನು ಹದಿನೆಂಟರ ಹುಡುಗಿ ಇನ್ನೊಂದು ವರ್ಷ ಹಾಸ್ಟೆಲ್ಲಿನಲ್ಲಿ ಕೂತು ತೀರಿಸಬೇಕೆ? ಇದನ್ನು ಹೀಗೇ ಅವರಿಗೆ ಹೇಳಲು ಬಾಯಿ ಬರಲಿಲ್ಲ. ನ್ಯಾಯ ಅಲ್ಲ ಎಂದಷ್ಟೇ ಹೇಳಿ ಸುಮ್ಮನಾದೆ.

ಆಮೇಲೆ ಅವಳ ಆಪ್ಷನ್ ಪಟ್ಟಿ ನೋಡಿದೆ. ಏಳೇ ಏಳು: ಬೆಂಗಳೂರು, ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ, ಕೊಡಗು, ಶಿವಮೊಗ್ಗ. ಎಲ್ಲವೂ ಸರ್ಕಾರಿ ಎಂಬಿಬಿಎಸ್. ಅದರ ಕೆಳಗೆ ಖಾಲಿ. "ಕೆಳಗೆ ಬೇರೆ ಕೋರ್ಸು ಬರೆದ್ರೆ ಮೇಲಿಂದು ಕೊಡಲ್ಲ ಅಂತ ಹಾಸ್ಟೆಲ್‌ನಲ್ಲಿ ಹೇಳ್ತಿದ್ರು."

ಈ ಒಂದು ತಪ್ಪು ನಂಬಿಕೆ ಪ್ರತಿವರ್ಷ ಎಷ್ಟೋ ಸೀಟು ನುಂಗುತ್ತದೆ. ನಿಮ್ಮ ರ‍್ಯಾಂಕ್‌ನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತದೆ. ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಎಂಟನೆಯದು ಬರೆದಿದ್ದಕ್ಕೆ ಮೊದಲನೆಯದು ಕೈತಪ್ಪುವುದಿಲ್ಲ. ಬರೆಯದಿದ್ದರೆ ಎಂಟನೆಯದೂ ಇಲ್ಲ. ಎಚ್ಚರ ಬೇಕಾಗುವುದು ಸೀಟು ಬಂದ ಮೇಲೆ: ಚಾಯ್ಸ್ 1 ಎಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಎಂದರೆ ಇದು ಇರಲಿ, ಮೇಲಿನದು ಬಂದರೆ ನೋಡೋಣ. ಮೇಲಿನದು ಬಂದ ಕ್ಷಣ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಬೇಕೆಂದರೂ ಸಿಗುವುದಿಲ್ಲ. ಆದ್ದರಿಂದ ನಿಜಕ್ಕೂ ಸೇರುವ ಮನಸ್ಸಿಲ್ಲದ್ದನ್ನು ನೆಂಟರಿಗೆ ತೋರಿಸಲು ಮೇಲೆ ಬರೆಯಬಾರದು.

ಇನ್ನೂ ಬೇಸರದ ಸಂಗತಿ ಸಿಇಟಿ ಅರ್ಜಿಯ ಪ್ರಿಂಟ್‌ನಲ್ಲಿತ್ತು. ಗ್ರಾಮೀಣ ಕೋಟಾ ಕೇಳಿದ್ದರು. ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿದ್ದಳು, ಬಿಇಒ ಸಹಿಯ ಪ್ರಮಾಣಪತ್ರವೂ ಇತ್ತು. ಕೃಷಿಕರ ಕೋಟಾದ ಮುಂದೆ ಮಾತ್ರ "ಇಲ್ಲ". ಎರಡೂವರೆ ಎಕರೆ ಗದ್ದೆಯವರ ಮಗಳು! ಸೈಬರ್ ಸೆಂಟರಿನವನು "ನೀಟ್ ತಾನೆ, ಇದೆಲ್ಲ ಬೇಡ" ಎಂದು "ಇಲ್ಲ" ಒತ್ತಿದ್ದ. ಬಿಎಸ್ಸಿ ಕೃಷಿ, ಪಶುವೈದ್ಯಕ್ಕೆ ಆ ಕೋಟಾ ಬೇಕಿದ್ದರೆ ಅರ್ಜಿಯಲ್ಲೇ ಕೇಳಿ, ದಾಖಲೆ ಒದಗಿಸಿ, ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಿರಬೇಕು. ಅದೆಲ್ಲ ಮುಗಿದುಹೋಗಿತ್ತು. ವಿ.ಸಿ. ಫಾರಂನ ಕೃಷಿ ಕಾಲೇಜು ಅವಳ ಮನೆಗೆ ಬಸ್ಸಿನ ದಾರಿ. ಲಾಂಗ್ ಟರ್ಮ್‌ನಲ್ಲಿ ಕೂರುವ ಮಕ್ಕಳು ಸಿಇಟಿ ಅರ್ಜಿಯನ್ನೂ ಅಷ್ಟೇ ಗಮನಕೊಟ್ಟು ತುಂಬಬೇಕು, ಹಿಂದಿನ ವರ್ಷದ ಸಿಇಟಿ ರ‍್ಯಾಂಕ್ ಈ ವರ್ಷಕ್ಕೆ ನಡೆಯುವುದಿಲ್ಲ. ಸೈಬರ್ ಬಿಟ್ಟು ಹೊರಡುವ ಮೊದಲು ಪ್ರಿಂಟ್ ತೆಗೆಸಿ ಪ್ರತಿ "ಹೌದು", "ಇಲ್ಲ" ಮೇಲೆ ಬೆರಳಿಟ್ಟು ಓದಬೇಕು.

ಕೊನೆಗೆ ಏಳರ ಕೆಳಗೆ ಹತ್ತೊಂಬತ್ತು ಸೇರಿದವು. ಎಂಟನೆಯದು ಅವಳೇ ಹೇಳಿ ಬರೆದದ್ದು, ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು, 1908ರಷ್ಟು ಹಳೆಯದು. ತಂದೆ ಕಿಟಕಿ ಕಡೆ ತಿರುಗಿ ಕೂತಿದ್ದರು. ಹೊರಡುವಾಗ ಆ ಎರಡು ಸ್ಕೋರ್ ಕಾರ್ಡುಗಳನ್ನು ಮಾತ್ರ ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು.

ಕೆಲವು ವಾರಗಳ ನಂತರ ಹುಡುಗಿಯಿಂದ ಸಂದೇಶ ಬಂತು: "ಎಂಟನೇದು ಬಂತು ಮೇಡಂ. ಅಪ್ಪ ಇನ್ನೂ ಮಾತಾಡ್ತಿಲ್ಲ. ಕಾಲೇಜಿಗೆ ರೂರಲ್ ಸರ್ಟಿಫಿಕೇಟ್ ಒರಿಜಿನಲ್ಲೇ ಬೇಕಾ?" ಒರಿಜಿನಲ್ ತಗೊಂಡು ಹೋಗು, ಜೆರಾಕ್ಸ್ ಎರಡು ಸೆಟ್ ಇರಲಿ, ಅಪ್ಪನನ್ನೂ ಕರೆದುಕೊಂಡು ಹೋಗು ಎಂದು ಬರೆದೆ.