ಕ್ಯಾಲ್ಗರಿಯಲ್ಲಿ ಗ್ಯಾಸ್ ಕಂಪನಿ ಕೆಲಸ: ಮನೆ ಕೊಳ್ಳೋ ಮೊದಲು ಟರ್ನರ್ ವ್ಯಾಲಿ ನೋಡಿ

ಕೆನಡಾದ ಕ್ಯಾಲ್ಗರಿಯ ಗ್ಯಾಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಅದನ್ನೇ ನಂಬಿ ಬಂದ ಕೂಡಲೇ ಮನೆ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ. ಒಂದೆರಡು ವರ್ಷ ಬಾಡಿಗೆಗೆ ಇರಿ. ಚಳಿ, ಜಾಕೆಟ್ಟು, ಬೇಳೆ ಸಿಗುವ ಅಂಗಡಿ ಎಲ್ಲ ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ. ಇಲ್ಲಿನ ದುಡ್ಡಿನ ಏರಿಳಿತ ಹಾಗಲ್ಲ.

ಅದು ಹೇಗಿರುತ್ತೆ ಅಂತ ತಿಳಿಯೋಕೆ ಬಿಡುವಾದಾಗ ಟರ್ನರ್ ವ್ಯಾಲಿಗೆ ಹೋಗಿಬನ್ನಿ. ಕಾರಲ್ಲಿ ಒಂದು ಗಂಟೆ ದೂರ ಅಷ್ಟೇ. 2023ರಿಂದ ಪಕ್ಕದೂರಿನ ಜೊತೆ ಸೇರಿಸಿ ಡೈಮಂಡ್ ವ್ಯಾಲಿ ಅಂತ ಕರೆಯುತ್ತಾರೆ. ಶೀಪ್ ನದಿಯ ಪಕ್ಕ ಹಳೇ ಗ್ಯಾಸ್ ಪ್ಲಾಂಟ್ ನಿಂತಿದೆ: ತಗಡಿನ ಷೆಡ್ಡುಗಳು, ತುಕ್ಕು ಹಿಡಿದ ಪೈಪುಗಳು. ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

1914ರ ಮೇ 14ರಂದು ಇಲ್ಲಿನ ಡಿಂಗ್‌ಮನ್ ಬಾವಿಯಲ್ಲಿ ಗ್ಯಾಸ್ ಜೊತೆ ನ್ಯಾಫ್ತಾ, ಅಂದರೆ ಪೆಟ್ರೋಲಿನಂಥ ತೆಳು ಎಣ್ಣೆ, ಬಂತು. ಎಷ್ಟು ತಿಳಿ ಅಂದರೆ ಸೀದಾ ಕಾರಿಗೆ ಹಾಕಬಹುದಿತ್ತು. ಕ್ಯಾಲ್ಗರಿಗೆ ಹುಚ್ಚು ಹಿಡಿಯಿತು. ನೂರಾರು ಕಂಪನಿಗಳು ಹುಟ್ಟಿದವು, ಜನ ಷೇರಿಗೆ ಮುಗಿಬಿದ್ದರು. ಹೆಚ್ಚಿನವು ಒಂದು ಬಾವಿಯನ್ನೂ ಕೊರೆಯಲಿಲ್ಲ! ಮೊದಲ ಪ್ಲಾಂಟ್ 1920ರಲ್ಲಿ ಸುಟ್ಟುಹೋಯಿತು.

1924ರಲ್ಲಿ ರಾಯಲೈಟ್ ಕಂಪನಿಯ 4ನೇ ಬಾವಿಯಲ್ಲಿ ಗ್ಯಾಸ್ ಸಿಕ್ಕಾಗ ಮತ್ತೆ ಅದೇ ಜಾತ್ರೆ. ಈ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆ ವಾಸನೆಯ ವಿಷ. ಕ್ಯಾಲ್ಗರಿಯ ಮನೆಗಳಿಗೆ ಕಳಿಸೋ ಮೊದಲು ಸೋಡಾ ನೀರಲ್ಲಿ ತೊಳೆದು, ಬೇರೆಯಾದ ಆ ವಿಷವನ್ನು ಎತ್ತರದ ಚಿಮಣಿಯಿಂದ ಗಾಳಿಗೆ ಬಿಡುತ್ತಿದ್ದರು. ಸುತ್ತಲಿನವರ ಮೂಗು ಯಾರಿಗೆ ಬೇಕಿತ್ತು? ಬೇಕಾಗಿದ್ದು ನ್ಯಾಫ್ತಾ. ಅದನ್ನು ಹಿಂಡಿಕೊಂಡು, ಮನೆಗಳಿಗೆ ಹೋಗಿ ಮಿಕ್ಕ ಗ್ಯಾಸನ್ನು ಕೊಳ್ಳುವವರಿಲ್ಲ ಅಂತ ಒಂದು ಕೊರಕಲಿನಲ್ಲಿ ಹಗಲೂ ರಾತ್ರಿ ಸುಟ್ಟರು. ಆ ಜಾಗಕ್ಕೆ 'ಹೆಲ್ಸ್ ಹಾಫ್ ಏಕರ್' ಅಂತ ಹೆಸರು. ರಾತ್ರಿ ಆ ಬೆಳಕಲ್ಲಿ ಪೇಪರ್ ಓದಬಹುದಿತ್ತಂತೆ. ಅದಕ್ಕೆ ಲಗಾಮು ಹಾಕುವ ಸರ್ಕಾರಿ ಬೋರ್ಡ್ ಬಂದದ್ದು 1938ರಲ್ಲಿ. ಅಷ್ಟರಲ್ಲಿ ಎಷ್ಟು ಉರಿದಿತ್ತೋ! 1985ರಲ್ಲಿ ಪ್ಲಾಂಟ್ ಮುಚ್ಚಿತು. ಈಗ ಅದು ರಾಷ್ಟ್ರೀಯ ಸ್ಮಾರಕ.

ಹಳೇ ಕಥೆ ಅನ್ಕೋಬೇಡಿ. 2014ರ ಕೊನೆಗೆ ತೈಲದ ಬೆಲೆ ಬಿದ್ದಾಗ ಡೌನ್‌ಟೌನ್ ಆಫೀಸುಗಳಲ್ಲಿ ಮಹಡಿಗೆ ಮಹಡಿ ಖಾಲಿಯಾದವು. ಸಂಬಳ ಜಾಸ್ತಿ ಬರುವ ವರ್ಷದಲ್ಲೇ ಆರು ತಿಂಗಳ ಖರ್ಚು ಎತ್ತಿಡಿ.

ನಿಮ್ಮದು ಸೈಟ್ ಕೆಲಸವಾದರೆ 'ಎಚ್‌ಟೂಎಸ್ ಅಲೈವ್' ಅನ್ನೋ ಒಂದು ದಿನದ ಕೋರ್ಸ್ ಮಾಡಿಕೊಳ್ಳಿ. ಎಚ್‌ಟೂಎಸ್ ಅಂದರೆ ಅದೇ ಹೈಡ್ರೋಜನ್ ಸಲ್ಫೈಡ್. ಆ ಗ್ಯಾಸ್ ಜಾಸ್ತಿಯಾದರೆ ಮೂಗೇ ಮಂಕಾಗುತ್ತದೆ. ವಾಸನೆ ನಿಂತಿತು ಅಂತ ಧೈರ್ಯವಾಗಿ ಮುಂದೆ ಹೋಗಬೇಡಿ.