ಏಳು ವಿಶ್ವವಿದ್ಯಾಲಯ, ನಾಲ್ಕೇ ಉಚಿತ ಜಿಆರ್‌ಇ ವರದಿ: ಉಳಿದ ಮೂರಕ್ಕೆ ಈಗಲೇ ದುಡ್ಡು ಕಟ್ಟಬೇಕೇ?

ವಿದೇಶದ ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕಗಳನ್ನು ಏಳು ಕಡೆ ಕಳುಹಿಸಬೇಕು, ಪರೀಕ್ಷಾ ಶುಲ್ಕದಲ್ಲೇ ಬರುವ ಉಚಿತ ವರದಿಗಳು ನಾಲ್ಕೇ, ಏನು ಮಾಡಲಿ ಎಂದು ಕೇಳಿದ್ದೀರಿ. ಉಳಿದ ಮೂರಕ್ಕೆ ಕಟ್ಟಬೇಡಿ. ಈಗಲೇ ಅಂತೂ ಬೇಡ.

ಮೊದಲು ಏಳೂ ವಿಭಾಗಗಳ ಪ್ರವೇಶದ ಪುಟವನ್ನು ಕೂತು ಓದಿ. ಅರ್ಜಿಯಲ್ಲಿ ಅಂಕಗಳನ್ನು ನೀವೇ ತುಂಬಿದರೆ ಸಾಕು, ಸೀಟು ಸಿಕ್ಕ ಮೇಲೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯಿಂದ ನೇರವಾಗಿ ಬರಲಿ ಎನ್ನುವ ವಿಭಾಗಗಳು ಬಹಳ ಇವೆ. ಜಿಆರ್‌ಇ ಕೇಳುವುದನ್ನೇ ಬಿಟ್ಟವೂ ಇವೆ. ಅಲ್ಲಿಗೆ ಶುಲ್ಕ ತೆತ್ತು ಅಂಕ ಕಳುಹಿಸುವುದು ಕರೆಯದ ಮದುವೆಗೆ ಮುಯ್ಯಿ ಕಳುಹಿಸಿದಂತೆ. ಅಧಿಕೃತ ವರದಿ ಕಡೆಯ ದಿನಾಂಕದೊಳಗೆ ತಲುಪಿರಲೇಬೇಕು ಎಂದು ಬರೆದಿರುವವರಿಗೆ ನಿಮ್ಮ ಉಚಿತ ನಾಲ್ಕನ್ನು ಮೀಸಲಿಡಿ.

ಆ ನಾಲ್ಕನ್ನು ಪರೀಕ್ಷೆಯ ದಿನವೇ ಬಳಸಬೇಕು, ಆಮೇಲೆಗೆಂದು ಉಳಿಯುವುದಿಲ್ಲ. ಅಂಕ ಕಡಿಮೆ ಬಂದರೆ ಎಂಬ ಭಯಕ್ಕೆ ಖಾಲಿ ಬಿಟ್ಟು ಬರುವವರನ್ನು ನೋಡಿದ್ದೇನೆ. ಕಾರಣವಿಲ್ಲದ ಭಯ ಅದು. ಪರೀಕ್ಷೆ ಮುಗಿದಾಗ ಅಂಕ ಇರಲೋ, ರದ್ದಾಗಲೋ ಎಂದು ಕೇಳುತ್ತಾರೆ. ಇರಲಿ ಎಂದರೆ ವರ್ಬಲ್ (ಭಾಷೆ), ಕ್ವಾಂಟ್ (ಗಣಿತ) ಎರಡರ ಅಂಕಗಳೂ ತೆರೆಯ ಮೇಲೆ ಬರುತ್ತವೆ. ಯಾರಿಗೆ ಕಳುಹಿಸಬೇಕೆಂಬ ಪ್ರಶ್ನೆ ಅದಾದ ಮೇಲೆಯೇ. ಎರಡನೆಯ ಸಲ ಬರೆಯುವವರು ‘ಇತ್ತೀಚಿನದು ಮಾತ್ರ’ ಎಂದು ಆರಿಸಿದರೆ ಹಿಂದಿನ ಎಡವಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆಯ ಕೋಣೆಯೊಳಗೆ ಚೀಟಿ ಒಯ್ಯುವಂತಿಲ್ಲವಾದ್ದರಿಂದ ವಿಶ್ವವಿದ್ಯಾಲಯದ ಹೆಸರಿನ ಜೊತೆಗೆ ಊರನ್ನೂ ಬಾಯಿಪಾಠ ಮಾಡಿಕೊಳ್ಳಿ. ಟೆಕ್ಸಾಸ್ ವಿಶ್ವವಿದ್ಯಾಲಯವೆಂದರೆ ಒಂದಲ್ಲ: ಆಸ್ಟಿನ್‌ನ ಸಂಕೇತ ಸಂಖ್ಯೆ 6882, ಡಲ್ಲಾಸ್‌ನದು 6897. ಅಧಿಕೃತ ಅಂಕ ಹೊರಬೀಳಲು 8ರಿಂದ 10 ದಿನ ಬೇಕು. ನಿಮ್ಮ ಪರೀಕ್ಷೆ ನವೆಂಬರ್ ಮೂರನೆಯ ವಾರ ಎಂದಿದ್ದೀರಿ, ಡಿಸೆಂಬರ್ 15ರ ಗಡುವಿಗೆ ತೊಂದರೆಯಿಲ್ಲ.

ನನಗೆ ಪೆಟ್ಟು ಬಿದ್ದದ್ದು ನೀವು ಕೇಳದೇ ಇರುವ ಕಡೆ, ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಎರಡನ್ನೂ ಬಿಡಿಸಿ ಬರೆಸಿದ್ದೆ. ಊರಿನ ಹೆಸರೇ ಸರ್‌ನೇಮ್ ಆಗಿ ಕುಳಿತಿತ್ತು. ಜಿಆರ್‌ಇಗೆ ನಾನು ಕೊಟ್ಟ ಗುರುತಿನ ದಾಖಲೆ ಪಾಸ್‌ಪೋರ್ಟೇ ಆದ್ದರಿಂದ ಪರೀಕ್ಷೆ ಆ ಹೆಸರಿನಲ್ಲೇ ನಡೆಯಿತು. ಅರ್ಜಿ ತುಂಬುವಾಗ ಮಾತ್ರ ಅಂಕಪಟ್ಟಿ ಪಕ್ಕಕ್ಕಿಟ್ಟುಕೊಂಡು ಇನಿಷಿಯಲ್ ಹೆಸರನ್ನೇ ಬರೆದೆ.

ಅಂಕಗಳು ಅಮೆರಿಕ ತಲುಪಿದವು, ನನ್ನ ಕಡತ ತಲುಪಲಿಲ್ಲ. ಅರ್ಜಿಯ ಪುಟದಲ್ಲಿ ಜಿಆರ್‌ಇ ಎದುರು ‘ಬಂದಿಲ್ಲ’ ಎಂಬ ಕೆಂಪಕ್ಷರ ಮೂರು ವಾರ ಹಾಗೆಯೇ ನಿಂತಿತ್ತು. ಗಾಬರಿಯಲ್ಲಿ ಇನ್ನೊಮ್ಮೆ ದುಡ್ಡು ಕಟ್ಟಿ ಕಳುಹಿಸಿದೆ. ಅದೂ ಮೊದಲನೆಯದರ ಮೇಲೆ ಹೋಗಿ ಬಿತ್ತು, ಅಷ್ಟೇ. ಕೊನೆಗೆ ಇಟಿಎಸ್ ನೋಂದಣಿ ಸಂಖ್ಯೆ, ಜನ್ಮದಿನಾಂಕ, ಪಾಸ್‌ಪೋರ್ಟಿನ ಮೊದಲ ಪುಟ ಸೇರಿಸಿ ಪ್ರವೇಶ ವಿಭಾಗಕ್ಕೆ ನಾಲ್ಕು ಸಾಲಿನ ಇಮೇಲ್ ಬರೆದೆ. ಎರಡು ದಿನದಲ್ಲಿ ಕೆಂಪು ಹಸಿರಾಯಿತು.

ಆದ್ದರಿಂದ ಇಟಿಎಸ್ ಖಾತೆಯಲ್ಲೂ ಏಳೂ ಅರ್ಜಿಗಳಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ, ಅದೇ ಕ್ರಮದಲ್ಲಿ, ಬರೆಯಿರಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಇಲ್ಲೇ ಕೆಳಗೆ ತಿಳಿಸಿ, ಅದರ ರಗಳೆಯೇ ಬೇರೆ.