ಮೆಣಸಿನಕಾಯಿ ಕೆಂಪಾದಾಗ ಹಸಿರು ಎಲ್ಲಿ ಹೋಗುತ್ತದೆ?

ಹಸಿಮೆಣಸಿನಕಾಯಿ ಹಣ್ಣಾದಾಗ ಜೀವಕೋಶದಲ್ಲಿನ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಪುಟ್ಟ ಚೀಲ ಸತ್ತುಹೋಗುತ್ತದಾ ಅಂತ ನಿಮ್ಮ ಮಗಳು ಕೇಳಿದಳು ಎಂದಿದ್ದೀರಿ. ಇಲ್ಲ ಸರ್, ಅದು ವೇಷ ಬದಲಿಸುತ್ತದೆ ಅಷ್ಟೇ. ಕಾಯಿ ಹಸಿರಿದ್ದಾಗ ಬಿಸಿಲು ಹಿಡಿದು ಸಕ್ಕರೆ ಮಾಡುವುದು ಅದರ ಕೆಲಸ. ಹಣ್ಣಾಗುವಾಗ ಒಳಗಿನ ಪತ್ರಹರಿತ್ತು ಎಂಬ ಹಸಿರು ಬಣ್ಣ ಒಡೆದುಹೋಗುತ್ತದೆ, ಬಿಸಿಲು ಹಿಡಿಯುವ ಪದರಗಳೂ ಕರಗುತ್ತವೆ. ಅದೇ ಪುಟ್ಟ ಚೀಲದಲ್ಲಿ ಕ್ಯಾಪ್ಸಾಂಥಿನ್ ಎಂಬ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ಆಗ ಅದರ ಹೆಸರು ಕ್ರೋಮೋಪ್ಲಾಸ್ಟ್. ನಮ್ಮ ಬಳ್ಳಾರಿ ಕಡೆ ಕಣದಲ್ಲಿ ಒಣಹಾಕಿದ ಬ್ಯಾಡಗಿ ಕಾಯಿ ಅಷ್ಟು ಕೆಂಪಗೆ ಕಾಣುವುದು ಇದರಿಂದಲೇ. ಅರ್ಧ ಹಸಿರು, ಅರ್ಧ ಕೆಂಪು ಕಾಯಿ ಸಿಕ್ಕರೆ ಅವಳಿಗೆ ತೋರಿಸಿ.

ಅಂದಹಾಗೆ, ಖಾರ ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನ ಕೋಶಗಳಲ್ಲಿ. ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ!